ತಡಿಕೆಯ ಈಚೆ ಒಬ್ಬ ಗಿರಾಕಿ

ಮುಳಬಾಗಿಲಿನಲ್ಲಿದ್ದಾಗ ಒಂದು ಬೋರ್ಡು ಸುಳ್ಳಾಗದಂತೆ ನೋಡಿಕೊಳ್ಳುವ ಕೆಲಸವನ್ನು ನಾನು ಎರಡು ವರ್ಷ ಮಾಡಿದ್ದೇನೆ. ಹಗಲು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತಗಿರಿ, ಅದರ ಹಿಂದೆ ಮುಂದೆ ಈ ಕೆಲಸ. ಗುಮಾಸ್ತಗಿರಿಗೆ ಸಂಬಳವಿತ್ತು, ಇದಕ್ಕಿರಲಿಲ್ಲ. ಆದರೆ ನಾನು ಒಂದು ದಿನ ತಪ್ಪಿಸಿಕೊಂಡರೆ ಹೆಚ್ಚು ತೊಂದರೆಯಾಗುವುದು ಇದಕ್ಕೇ ಎಂದು ಹೋಟೆಲಿನ ಅಶ್ವತ್ಥಯ್ಯನವರು ಹೇಳುತ್ತಿದ್ದರು. ನಾನೂ ನಂಬಿದ್ದೆ. ಎಲ್ಲಾದರೂ ಒಂದು ಕಡೆ ತಾನು ಬೇಕಾದವನು ಎಂದು ನಂಬಿಕೊಳ್ಳದೆ ಮನುಷ್ಯ ಬದುಕುವುದು ಹೇಗೆ?

ಬೋರ್ಡಿನ ವಿಷಯಕ್ಕೆ ಬರುವ ಮೊದಲು, ಹೋಟೆಲುಗಳ ಬಗ್ಗೆ ಮಾತಾಡಲು ನನಗಿರುವ ಅರ್ಹತೆಯನ್ನು ನಿವೇದಿಸಿಕೊಳ್ಳುತ್ತೇನೆ. ಮದುವೆಯಾದ ಎರಡನೆಯ ವರ್ಷಕ್ಕೆ ನನ್ನ ಹೆಂಡತಿ ತೀರಿಕೊಂಡಳು. ಅದನ್ನು ಇಲ್ಲಿ ಬರೆಯುವುದಿಲ್ಲ. ಆಮೇಲೆ ನಾನು ಒಂದೇ ಒಂದು ಸಲ ಅನ್ನ ಮಾಡಿದೆ. ಅದನ್ನೂ ಬರೆಯುವುದಿಲ್ಲ. ಅಲ್ಲಿಂದ ಮುಂದೆ ಸರ್ಕಾರ ನನ್ನನ್ನು ಯಾವ ಊರಿಗೆ ಎಸೆಯಿತೋ ಆ ಊರಿನ ಹೋಟೆಲೇ ನನ್ನ ಅಡುಗೆಮನೆ. ಕೋಲಾರದಲ್ಲಿ ಬಸ್ಸುಗಳು ನಿಲ್ಲುವ ಕಡೆ ಒಂದು ಹೋಟೆಲಿತ್ತು. ಅಲ್ಲಿ ಏನು ಕೇಳಿದರೂ “ಈಗ ಬಂತು” ಎನ್ನುತ್ತಿದ್ದರು, ಏನು ಕೇಳಿದರೂ ಬರುತ್ತಿದ್ದುದು ಉಪ್ಪಿಟ್ಟು. ಶ್ರೀನಿವಾಸಪುರದ ಹೋಟೆಲು ಅಲ್ಲಿಯ ಚಿಕ್ಕ ರೈಲನ್ನು ನಂಬಿಕೊಂಡಿತ್ತು. ರೈಲಿನ ಕೂಗು ಕೇಳಿದ ಕೂಡಲೆ ಕಾವಲಿಯ ಮೇಲೆ ಹಿಟ್ಟು ಹುಯ್ಯುತ್ತಿದ್ದರು. ಆ ರೈಲಿನ ವೇಗವನ್ನು ಬಲ್ಲವರಿಗೆ, ಪ್ರಯಾಣಿಕರು ಒಳಗೆ ಬರುವಷ್ಟರಲ್ಲಿ ದೋಸೆ ಯಾವ ಸ್ಥಿತಿಯಲ್ಲಿರುತ್ತಿತ್ತೆಂದು ವಿವರಿಸಬೇಕಾಗಿಲ್ಲ. ನಾನು ಆರಿದ ದೋಸೆ ತಿನ್ನುವುದನ್ನು ಕಲಿತದ್ದು ಅಲ್ಲಿ. ಜೊತೆಯಲ್ಲಿ ಮಾತಾಡುವವರಿದ್ದರೆ ಆರಿದ ದೋಸೆಯೂ ನಡೆಯುತ್ತದೆ. ಒಬ್ಬನೇ ತಿನ್ನುವವನಿಗೆ ಅದು ಆರಿದೆಯೆಂದು ಮೊದಲ ತುತ್ತಿಗೇ ತಿಳಿಯುತ್ತದೆ.

ಇನ್ನು ಮುಳಬಾಗಿಲು. ಮದ್ರಾಸಿನ ರಸ್ತೆಯ ಪಕ್ಕಕ್ಕೆ ಅಶ್ವತ್ಥಯ್ಯನವರ ಹೋಟೆಲು. ದೋಸೆಯ ಬಗ್ಗೆ ನಾನೇನೂ ಹೇಳುವುದಿಲ್ಲ. ಯುದ್ಧ ಬಂದು ಅಕ್ಕಿ ಕಡಿಮೆಯಾಗಿ ಅರ್ಧಕ್ಕರ್ಧ ರಾಗಿ ಬೆರೆತ ಮೇಲೂ, ಕಾಫಿಗೆ ಸಕ್ಕರೆ ಹೋಗಿ ಬೆಲ್ಲ ಬಂದ ಮೇಲೂ, ಜನ ಬರುವುದನ್ನು ಬಿಡಲಿಲ್ಲ ಎಂದರೆ ಸಾಕು. ಬಾಗಿಲ ಮೇಲೆ ನೀಲಿ ಬಣ್ಣದ ಬೋರ್ಡು: ‘ಬ್ರಾಹ್ಮಣರ ಕಾಫಿ ಕ್ಲಬ್’. ಆಗೆಲ್ಲ ಹೀಗೆ ಬರೆಸುವುದು ವಾಡಿಕೆ. ಮುಂದಿನ ಹಜಾರದಲ್ಲಿ ನಾಲ್ಕು ಬೆಂಚು, ಹತ್ತು ಜಾತಿಯ ಜನ. ಹಿಂದೆ, ಬಿದಿರಿನ ತಡಿಕೆಯೊಂದರ ಮರೆಯಲ್ಲಿ, ಬೋರ್ಡಿನಲ್ಲಿ ಹೆಸರಿದ್ದವರಿಗೆಂದು ಬೇರೆ ಕೋಣೆ. ಅದಕ್ಕೆ ಪಕ್ಕದ ಓಣಿಯಿಂದ ಬೇರೆ ಬಾಗಿಲು. ಕೋಣೆಯಲ್ಲಿ ಒಂದು ಮೇಜು, ಒಂದು ಬೆಂಚು, ಗೋಡೆಗೆ ಒಂದು ದೇವರ ಪಟ, ಮತ್ತು ನಾನು.

ನಾನು ಮಾತ್ರ. ಊರಿನಲ್ಲಿ ಬ್ರಾಹ್ಮಣರಿಗೆ ಬರವಿರಲಿಲ್ಲ. ಆದರೆ ಅವರಿಗೆಲ್ಲ ಮನೆಯಿತ್ತು, ಮನೆಯಲ್ಲಿ ಒಲೆಯಿತ್ತು, ಒಲೆಯ ಮುಂದೆ ಒಬ್ಬರಿದ್ದರು. ಹೋಟೆಲಿನಲ್ಲಿ ತಿನ್ನುವವನು ಒಂದೋ ದಿಕ್ಕಿಲ್ಲದವನು, ಇಲ್ಲವೇ ದಾರಿ ಬಿಟ್ಟವನು ಎಂಬುದು ಆಗಿನವರ ಎಣಿಕೆ. ನಾನು ಮೊದಲನೆಯ ಪಂಗಡದವನೆಂದು ತಿಳಿದವರು ಕನಿಕರಪಡುತ್ತಿದ್ದರು, ಊಟಕ್ಕೆ ಕರೆಯುತ್ತಿರಲಿಲ್ಲ. ಹೀಗಾಗಿ ಆ ಬೋರ್ಡನ್ನು ನಿಜ ಮಾಡುವ ಭಾರವೆಲ್ಲ ನನ್ನೊಬ್ಬನ ಮೇಲೆ ಬಿದ್ದಿತ್ತು.

ತಡಿಕೆಯ ತತ್ತ್ವವನ್ನು ನಾನು ಅಲ್ಲಿ ಕುಳಿತು ಬಹಳ ಯೋಚಿಸಿದ್ದೇನೆ. ಬಿದಿರ ದಬ್ಬೆಗಳನ್ನು ಹೆಣೆದು, ಸಂದುಗಳಿಗೆ ಹಳೆಯ ಪತ್ರಿಕೆ ಅಂಟಿಸಿದ ಈ ವಸ್ತು ಕಣ್ಣನ್ನು ತಡೆಯುತ್ತದೆ. ಒಗ್ಗರಣೆಯ ಘಾಟನ್ನು ತಡೆಯುವುದಿಲ್ಲ. ನೊಣವನ್ನು ತಡೆಯುವುದಿಲ್ಲ. ಮಾತನ್ನಂತೂ ಸ್ವಲ್ಪವೂ ತಡೆಯುವುದಿಲ್ಲ. ಮೈಲಿಗೆ ಕಣ್ಣಿನ ಮೂಲಕ ತಗಲುತ್ತದೆ, ಕಿವಿಯ ಮೂಲಕ ತಗಲುವುದಿಲ್ಲ ಎಂದು ಇದನ್ನು ಹೆಣೆದವರು ತೀರ್ಮಾನಿಸಿರಬೇಕು. ಯಾವ ಆಧಾರದ ಮೇಲೆ ಎಂದು ಕೇಳಬೇಡಿ. ನನ್ನ ಮಟ್ಟಿಗೆ ಅದು ಉಪಕಾರವಾಯಿತು. ಆಚೆಯ ಹಜಾರದಲ್ಲಿ ಇಡೀ ಮುಳಬಾಗಿಲು ಮಾತಾಡುತ್ತಿತ್ತು, ನಾನು ಈಚೆ ಕುಳಿತು ಅದನ್ನು ದೋಸೆಗೆ ನೆಂಚಿಕೊಳ್ಳುತ್ತಿದ್ದೆ.

ಹಜಾರದವರು ನನ್ನ ಕೋಣೆಗೆ ಗರ್ಭಗುಡಿ ಎಂದು ಹೆಸರಿಟ್ಟಿದ್ದರು. ಅಶ್ವತ್ಥಯ್ಯನವರು ತಟ್ಟೆ ಹಿಡಿದು ಒಳಗೆ ಬಂದಾಗ, “ದೇವ್ರಿಗೆ ನೈವೇದ್ಯ ಹೊರಡ್ತು, ಎಲ್ಲರೂ ಕಣ್ಮುಚ್ಕೊಳ್ರಪ್ಪಾ” ಎಂದು ಒಂದು ದನಿ ಕೂಗುತ್ತಿತ್ತು. ಆ ದನಿ ಮುನೆಂಕಟನದು. ಹೆಸರು ತಿಳಿದದ್ದು ಉಳಿದವರು ಕರೆಯುತ್ತಿದ್ದುದರಿಂದ. ಮುಖ ತಿಳಿದಿರಲಿಲ್ಲ. ದಪ್ಪ ಮೀಸೆ, ದೊಡ್ಡ ರುಮಾಲು, ಹೊಟ್ಟೆಯ ಮೇಲೆ ಕೈ ಕಟ್ಟಿ ಕೂರುವ ಆಸಾಮಿ, ಯಲ್ದೂರಿನ ಕಡೆ ಮಾವಿನ ತೋಪಿರಬೇಕು ಎಂದು ನಾನೇ ಒಂದು ಆಕೃತಿ ಮಾಡಿಕೊಂಡಿದ್ದೆ. ಅಷ್ಟು ಧಾರಾಳವಾಗಿ ನಗುವವನು ಅನುಕೂಲಸ್ಥನೇ ಇರಬೇಕೆಂದು ನನ್ನ ತರ್ಕ. ಸಂತೆಯ ದಿನ ಜನರ ನಡುವೆ ಸುಮ್ಮನೆ ನಿಂತು ಆ ದನಿಗಾಗಿ ಕಿವಿಗೊಡುತ್ತಿದ್ದೆ. ಬದನೆಕಾಯಿಯ ಮುಂದೆ ಅಷ್ಟು ಹೊತ್ತು ಧ್ಯಾನಮಗ್ನನಾಗಿ ನಿಂತು ಏನನ್ನೂ ಕೊಳ್ಳದೆ ಹೋಗುವ ಗುಮಾಸ್ತನ ಬಗ್ಗೆ ಊರಿನಲ್ಲಿ ಏನು ಮಾತಾಯಿತೋ! ನನಗೆ ಬೇಕಾಗಿದ್ದುದು ಬದನೆಕಾಯಿಯಲ್ಲ. ಆ ಮನುಷ್ಯನ ಪಕ್ಕದಲ್ಲಿ ಒಂದು ದಿನ ಕುಳಿತು, ಒಂದು ಲೋಟ ಕಾಫಿ ಕುಡಿದು, ಅವನೊಂದಿಗೆ ಮಾತಾಡಬೇಕು. ಎರಡು ವರ್ಷದಲ್ಲಿ ನನಗಿದ್ದ ಆಸೆ ಅದೊಂದೇ.

ಒಂದು ಬೆಳಗ್ಗೆ ಊರ ಮೇಲೆ ಏರೋಪ್ಲೇನು ಪೂರ್ವಕ್ಕೆ, ನಂಗಲಿ ಎಂಬ ಹಳ್ಳಿಯ ಕಡೆಗೆ, ಹಾದುಹೋಯಿತು. ಯುದ್ಧದ ಕಾಲ. ಹಜಾರದಲ್ಲಿ ಅದರದೇ ಚರ್ಚೆ.

“ಪಾಷಣ್ಣಾ,” ಎಂದ ಮುನೆಂಕಟ, ಪಾತ್ರೆಗಳಿಗೆ ಕಲಾಯಿ ಹಾಕುವ ಪಾಷಾ ಸಾಹೇಬರನ್ನು ಕುರಿತು, “ಅದರಾಗಿರೋ ಸೋಲ್ಜರು ಎಲೆಅಡಿಕೆ ಹಾಕ್ಕೊಂಡು, ಸರಿಯಾಗಿ ನಮ್ಮ ಹೋಟ್ಲು ಮ್ಯಾಲೆ ಬಂದಾಗ ಉಗುದ ಅಂದ್ಕೊ. ಉಗುಳು ಎಲ್ಲಿ ಬೀಳ್ತದೆ?”

“ಅರೆ, ಇಲ್ಲೇ ಬೀಳ್ತದೆ. ನಿನ್ ತಲೆ ಮೇಲೆ.”

“ಅಲ್ಲೇ ತಪ್ಪಿದ್ದು ನೀನು. ಅದು ನಂಗಲಿ ಕಡೆ ಹೋಗಿ ಬೀಳ್ತದೆ. ಪ್ಲೇನು ಓಡ್ತಾ ಇರ್ತದಲ್ಲಪ್ಪಾ, ಉಗುಳೂ ಅದರ ಜತೆ ಓಡ್ತದೆ.”

“ಉಗುಳಿಗೆ ಕಾಲು ಇಟ್ಟಿದ್ದಾನೆ ಕ್ಯಾ ಖುದಾ?” ಎಂದರು ಪಾಷಾ. ಹಜಾರವೆಲ್ಲ ಗೊಳ್ಳೆಂದಿತು. “ಏಮಪ್ಪಾ ಮುನೆಂಕಟಾ, ನಂಗಲಿಯೋರು ನಿಂಗೇನು ಮಾಡಿದ್ರು?” ಎಂದು ಇನ್ನೊಬ್ಬರು.

ಇಂಟರ್‌ಮೀಡಿಯೆಟ್ಟಿನಲ್ಲಿ ನಾನು ಎರಡು ಸಲ ನಪಾಸಾದದ್ದು ಭೌತಶಾಸ್ತ್ರದಲ್ಲೇ. ಆದರೂ ಆ ಹೊತ್ತಿನಲ್ಲಿ ನ್ಯಾಯ ಯಾವ ಪಕ್ಷದಲ್ಲಿದೆಯೆಂದು ಆ ವಿದ್ಯೆ ನನಗೆ ತಿಳಿಸಿಕೊಟ್ಟಿತು. ಕೈಯಲ್ಲಿದ್ದ ತುತ್ತನ್ನು ಬಿಟ್ಟು ಕೂಗಿಬಿಟ್ಟೆ: “ಮುನೆಂಕಟ ಹೇಳಿದ್ದೇ ಸರಿ! ನಂಗಲಿ ಕಡೆಗೇ ಬೀಳುತ್ತೆ!”

ನಗು ನಿಂತಿತು. ಯಾರೋ ಲೋಟವನ್ನು ಮೆಲ್ಲಗೆ ಕೆಳಗಿಟ್ಟ ಸದ್ದು. ಆಮೇಲೆ ಆ ದನಿ, ಬಹಳ ಭಯಭಕ್ತಿಯಿಂದ: “ದೇವ್ರು ಮಾತಾಡ್ತು ಕಣ್ರಲಾ!”

ಅಂದಿನಿಂದ ಆರೇಳು ತಿಂಗಳು ನಾನು ಸುಖವಾಗಿದ್ದೆ. ದಿನವೂ ಹಜಾರದಿಂದ ಪ್ರಶ್ನೆ ಬರುತ್ತಿತ್ತು, ತಡಿಕೆಯಿಂದ ಅಪ್ಪಣೆ ಹೋಗುತ್ತಿತ್ತು. “ಸ್ವಾಮೇ, ಜರ್ಮನಿಯೋರು ಮುದ್ದೆ ತಿಂತಾರಾ?” “ಇಲ್ಲಪ್ಪ, ಆಲೂಗಡ್ಡೆ.” “ಅದಕ್ಕೇ ಈ ಪಾಟಿ ಜಗಳ. ಹೊಟ್ಟೆಯಾಗೆ ಗಾಳಿ.” ಸಂಜೆ ಕಚೇರಿಯಿಂದ ಬರುವಾಗ ನನ್ನ ನಡಿಗೆ ಚುರುಕಾಗಿರುತ್ತಿತ್ತೆಂದು ಅಶ್ವತ್ಥಯ್ಯನವರು ಗಮನಿಸಿದರು. ಹೆಂಡತಿ ಹೋದ ಮೇಲೆ ಯಾವುದಾದರೂ ಬಾಗಿಲಿಗೆ ನಾನು ಬೇಗ ಬೇಗ ನಡೆದುಹೋದದ್ದು ಅದೇ ಮೊದಲು.

ಅಷ್ಟರಲ್ಲಿ ಮಾಲೂರಿಗೆ ವರ್ಗವಾಯಿತು. ಹೊರಡುವ ಹಿಂದಿನ ದಿನ ಮಧ್ಯಾಹ್ನ ನಾನು ಬೆಂಚಿನಿಂದೆದ್ದು, “ಇವತ್ತು ಕಾಫಿ ಹಜಾರಕ್ಕೆ ಕೊಡಿ, ಅಲ್ಲಿ ಕೂತು ಕುಡೀತೀನಿ” ಎಂದೆ. ಅಶ್ವತ್ಥಯ್ಯನವರ ಮುಖ ಸಣ್ಣದಾಯಿತು.

“ಸ್ವಾಮಿ, ನೀವೇ ಆಚೆ ಕೂತ್ರೆ ನನ್ನ ಬೋರ್ಡಿನ ಗತಿ ಏನು? ಒಳಗಡೆ ಒಬ್ಬರಾದ್ರೂ ಇದ್ದಾರೆ ಅಂತ ತಾನೆ ನಾನು ಅದನ್ನ ಇಟ್ಕೊಂಡಿರೋದು.”

“ನಾಳೆಯಿಂದ ನಾನು ಹೇಗೂ ಇರೋದಿಲ್ಲವಲ್ಲ.”

“ನಾಳೆ ಮಾತು ನಾಳೆ. ಇವತ್ತೊಂದು ದಿನ ಅದು ನಿಜವಾಗಿರ್ಲಿ ಬಿಡಿ.”

ಸತ್ಯನಿಷ್ಠೆಯ ಇಂಥ ಮೊರೆಯನ್ನು ನಾನು ಬೇರೆಲ್ಲೂ ಕೇಳಿಲ್ಲ. ಆದರೂ ಅಡುಗೆಮನೆಯನ್ನು ಹಾದು ಹಜಾರಕ್ಕೆ ಹೋದೆ.

ಬೆಂಚುಗಳ ಮೇಲಿದ್ದವರೆಲ್ಲ ಎದ್ದು ನಿಂತರು. ಪಾಷಾ ಸಾಹೇಬರು ಸಲಾಮು ಮಾಡಿದರು. ಒಬ್ಬರು ಬೀಡಿಯನ್ನು ಅಂಗೈಯಲ್ಲಿ ಮುಚ್ಚಿಟ್ಟುಕೊಂಡರು. ನಾನು ದಪ್ಪ ಮೀಸೆಗಾಗಿ ಹುಡುಕಿದೆ. ಇರಲಿಲ್ಲ. “ಮುನೆಂಕಟ ಯಾರಪ್ಪ?” ಎಂದೆ. ಎಲ್ಲರ ಕಣ್ಣೂ ಬೀದಿಯ ಕಡೆಯ ಕಿಟಕಿಗೆ ಹೋಯಿತು.

ಅವನು ಹಜಾರದಲ್ಲಿ ಯಾವತ್ತೂ ಇರಲೇ ಇಲ್ಲ. ಹಜಾರದೊಳಕ್ಕೂ ಕಾಲಿಡಬಾರದವರು ಕೆಲವರಿದ್ದರು. ಅವರಿಗೆ ಹೊರಗೆ, ಕಿಟಕಿಯ ಸರಳುಗಳ ಆಚೆ, ಮೇಲಿನಿಂದ ಲೋಟಕ್ಕೆ ಕಾಫಿ ಹುಯ್ಯುತ್ತಿದ್ದರು. ಎರಡು ವರ್ಷ ಇಡೀ ಹೋಟೆಲನ್ನು ನಗಿಸಿದ ಆ ದನಿ ಬರುತ್ತಿದ್ದುದು ಬಿಸಿಲಿನಿಂದ. ಬಡಕಲು ಮೈ, ತಲೆಗೊಂದು ತುಂಡು ಬಟ್ಟೆ. ಎತ್ತು ಕಟ್ಟಿ ನೀರೆತ್ತುವ ಕಪಿಲೆ ಬಾವಿಗಳಿಗೆ ತೊಗಲಿನ ಚೀಲ ಹೊಲಿಯುವವನು. ನನ್ನನ್ನು ಕಂಡ ಕೂಡಲೆ ಲೋಟವನ್ನು ನೆಲಕ್ಕಿಟ್ಟು ಹತ್ತು ಹೆಜ್ಜೆ ಹಿಂದಕ್ಕೆ ಸರಿದು ಕೈಕಟ್ಟಿ ನಿಂತ. ಆ ನಿಲುವನ್ನು ನಾನು ಬಲ್ಲೆ. ನನ್ನ ಕಚೇರಿಯ ಮೇಜಿನ ಮುಂದೆ, ಒಂದು ತುಂಡು ಜಮೀನಿನ ಅರ್ಜಿ ಹಿಡಿದು, ಅವನು ಮೂರು ಸಲ ಹಾಗೆಯೇ ನಿಂತಿದ್ದ. ಮೂರು ಸಲವೂ ನಾನು ಅರ್ಜಿಯ ಮೇಲಿನ ಹೆಸರನ್ನೂ ಓದದೆ “ನಾಳೆ ಬಾ” ಎಂದಿದ್ದೆ. ಅಲ್ಲಿ ಅವನಿಗಿದ್ದುದು ಎರಡೇ ಮಾತು, “ಆಗ್ಲಿ ಬುದ್ಧಿ.” ಅಷ್ಟರಲ್ಲಿ ದನಿಯ ಗುರುತು ಹತ್ತುವುದು ಹೇಗೆ?

“ಏನಾದ್ರೂ ಮಾತಾಡಪ್ಪ,” ಎಂದೆ ಕಿಟಕಿಯ ಬಳಿ ಹೋಗಿ.

“ಏನ್ ಮಾತಾಡ್ಲಿ ಬುದ್ಧಿ.”

ಅದು ಪ್ರಶ್ನೆಯಾಗಿರಲಿಲ್ಲ. ಕಾಫಿ ಬಂತು. ಬೆಂಚಿನ ಮೇಲೆ ಒಬ್ಬನೇ ಕುಳಿತು, ಎದ್ದುನಿಂತ ಏಳೆಂಟು ಜನರ ನಡುವೆ ಕುಡಿದೆ. ಒಳಗಿನ ಕೋಣೆಯಲ್ಲಿ ಒಬ್ಬನೇ ಕುಡಿದಾಗ ಅದು ಇಷ್ಟು ಕಹಿಯಾಗಿದ್ದದ್ದು ನೆನಪಿಲ್ಲ. ಅಂದು ಸಂಜೆ ಆ ಅರ್ಜಿಯನ್ನು ಹುಡುಕಿ ತೆಗೆದು ಅಮಲ್ದಾರರ ಮೇಜಿನ ಮೇಲೆ, ಎಲ್ಲ ಕಾಗದಗಳ ಮೇಲಿಟ್ಟು ಬಂದೆ. ಗುಮಾಸ್ತನ ಪಶ್ಚಾತ್ತಾಪಕ್ಕೆ ಅದಕ್ಕಿಂತ ಎತ್ತರದ ಜಾಗವಿಲ್ಲ.

ಮರುದಿನ ಬೆಳಗ್ಗೆ ಕೋಲಾರದ ಬಸ್ಸು ಹತ್ತಿದೆ. ಪೆಟ್ರೋಲಿಗೆ ತತ್ವಾರ ಬಂದು ಬಸ್ಸುಗಳು ಇದ್ದಿಲಿನ ಹೊಗೆಯಿಂದ ಓಡುತ್ತಿದ್ದ ಕಾಲ ಅದು. ಹಿಂದುಗಡೆಯ ಪೀಪಾಯಿಗೆ ಇದ್ದಿಲು ತುಂಬಿ, ಕ್ಲೀನರ್ ಹಿಡಿ ತಿರುಗಿಸಿ ತಿರುಗಿಸಿ ಗಾಳಿ ಹಾಕಿ, ಬಸ್ಸಿಗೆ ಮನಸ್ಸು ಬರುವಷ್ಟರಲ್ಲಿ ಮುಕ್ಕಾಲು ಗಂಟೆ. ಬಿಸಿಲು ಬೀಳುತ್ತದೆಂದು ನನ್ನ ಸೀಟಿನ ಪಕ್ಕಕ್ಕೆ ಕ್ಯಾನ್‌ವಾಸಿನ ಪರದೆ ಇಳಿಬಿಟ್ಟಿದ್ದರು. ಒಬ್ಬನೇ ಕುಳಿತಿದ್ದೆ. ಪರದೆಯ ಆಚೆಯಿಂದ, ಬಹಳ ಹತ್ತಿರದಿಂದ, ಆ ದನಿ:

“ಸ್ವಾಮೇ, ಹೊರಟ್ರಾ?”

“ಹೊರಟೆ ಕಣಪ್ಪ,” ಎಂದೆ. ಪರದೆಯ ಕಡೆ ಬಾಗಿ, “ತಡಿಕೆ ಒಳಗಿರೋನು ನಾನು ಅಂತ ನಿನಗೆ ಗೊತ್ತಿರಲಿಲ್ಲ ಅಲ್ವೆ?” ಎಂದೆ.

“ಉಗುಳಿನ ದಿವಸವೇ ಗೊತ್ತಾಯ್ತು ಸ್ವಾಮೇ. ‘ನಾಳೆ ಬಾ’ ಅನ್ನೋ ಗಂಟ್ಲು ಅದೇ ಅಲ್ವಾ?” ಎಂದು ನಕ್ಕ. ಅದೇ ಧಾರಾಳದ ನಗು.

“ನಿನ್ನ ಅರ್ಜಿ...”

“ಅದು ಆಫೀಸಿನ ಮಾತು. ಬುಡಿ, ಇಲ್ಯಾಕೆ?”

ಪರದೆಯ ಅಂಚು ನನ್ನ ಕೈಗೆ ಎಟುಕುವಂತಿತ್ತು. ಹಿಡಿದೆ ಕೂಡ. ಎತ್ತಿದರೆ ನಾನು ಬುದ್ಧಿ, ಎತ್ತದಿದ್ದರೆ ಸ್ವಾಮೇ. ಎತ್ತಲಿಲ್ಲ. ಹಿಂದಿನ ದಿನ ತಡಿಕೆ ದಾಟಿ ನೋಡಿದ್ದೆನಲ್ಲ. ಆ ಮುಕ್ಕಾಲು ಗಂಟೆ ನಾವು ಇದ್ದಿಲಿನ ಬಗ್ಗೆ ಮಾತಾಡಿದೆವು, ಜರ್ಮನಿಯ ಬಗ್ಗೆ ಮಾತಾಡಿದೆವು, ಅಶ್ವತ್ಥಯ್ಯನವರು ಇನ್ನು ಯಾರನ್ನು ಒಳಗೆ ಕೂರಿಸುತ್ತಾರೆಂಬುದರ ಬಗ್ಗೆ ಬಹಳ ಗಂಭೀರವಾಗಿ ಮಾತಾಡಿದೆವು. ಅವನನ್ನು ನಿಲ್ಲಿಸಿದಲ್ಲೇ ನಿಲ್ಲಿಸಿ ಮಾತಾಡಿದ್ದು ಸೌಜನ್ಯವೋ ಹೇಡಿತನವೋ ನನಗಿನ್ನೂ ತೀರ್ಮಾನವಾಗಿಲ್ಲ. ತಡಿಕೆಗಳು ಆಮೇಲೆ ಎಲ್ಲ ಕಡೆಯೂ ಹೋದವು, ಕಿಟಕಿಯ ಆಚೆ ಲೋಟಕ್ಕೆ ಮೇಲಿನಿಂದ ಹುಯ್ಯುವುದೂ ನಿಂತಿತು. ಹೋದದ್ದು ಬಹಳ ಒಳ್ಳೆಯದಾಯಿತು. ಆದರೆ ಅಂದಿನ ತೀರ್ಮಾನ ಅಂದೇ ಮಾಡಬೇಕಾಗಿತ್ತು, ನಾನು ಮಾಡಿದ್ದು ಅಷ್ಟು.

ಬಸ್ಸು ಕೊನೆಗೂ ಗೊರಗೊರ ಎಂದಿತು. ಆ ಸದ್ದಿನ ಮೇಲೆ ಅವನು ಕೂಗಿ ಹೇಳಿದ:

“ಮಾಲೂರಾಗೆ ತಡಿಕೆ ತೆಳ್ಳಗಿರೋ ಹೋಟ್ಲು ನೋಡ್ಕೊಂಡು ಕೂತ್ಕೊಳ್ಳಿ ಸ್ವಾಮೇ!”

ಮಾಲೂರು ಇಟ್ಟಿಗೆ, ಹೆಂಚುಗಳಿಗೆ ಹೆಸರಾದ ಊರು. ಅಲ್ಲಿ ಇಳಿದ ದಿನವೇ ಹೋಟೆಲಿಗೆ ಹೋಗಿ ನೋಡಿದೆ. ತಡಿಕೆ ಇರಲಿಲ್ಲ. ಒಳ್ಳೆಯ, ಗಟ್ಟಿಯಾದ ಇಟ್ಟಿಗೆ ಗೋಡೆ ಇತ್ತು.