ಮೊದಲ ಪಂಕ್ತಿಯ ಸಾಂಬಾರು

ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಟ್ಟ ವರ್ಷ ದೆಹಲಿಯಲ್ಲಿದ್ದ ನಮ್ಮವರಿಗೆ ಇದ್ದಕ್ಕಿದ್ದಂತೆ ಅಪ್ಪಟತನದ ಹುಚ್ಚು ಹಿಡಿಯಿತು. ಅಲ್ಲಿಯವರೆಗೆ ಅವರು ಅಪ್ಪಟವಾಗಿರಲಿಲ್ಲವೆಂದಲ್ಲ. ಆದರೆ ಸರ್ಕಾರಿ ಆದೇಶ ಬಂದ ಮೇಲೆ ಅದನ್ನು ಜಾರಿಗೆ ತರದಿದ್ದರೆ ಕೇಂದ್ರ ಸರ್ಕಾರದ ನೌಕರರಿಗೆ ನಿದ್ದೆ ಬರುವುದಿಲ್ಲ. ಹೊಸ ಹೆಸರಿನ ಸಂಭ್ರಮಕ್ಕೆ ಒಂದು ಔತಣ, ಔತಣದಲ್ಲಿ ಅಪ್ಪಟ ಕರ್ನಾಟಕದ ಊಟ, ಊಟ ಅಪ್ಪಟವೋ ಅಲ್ಲವೋ ಎಂದು ನೋಡಿಕೊಳ್ಳಲು ಒಂದು ಸಮಿತಿ. ಕನ್ನಡ ಸಂಘ ಇಷ್ಟನ್ನೂ ಒಂದೇ ಸಂಜೆಯಲ್ಲಿ ತೀರ್ಮಾನಿಸಿತು. ಇಷ್ಟು ಬೇಗ ಕಚೇರಿಯ ಕೆಲಸ ಮಾಡಿದ್ದರೆ ದೇಶ ಎಲ್ಲೋ ಇರುತ್ತಿತ್ತು.

ನಾವು ಹೋಟೆಲಿನವರು. ಉಡುಪಿಯ ಕಡೆಯಿಂದ ನನ್ನನ್ನು ಮದುವೆ ಮಾಡಿ ತಂದದ್ದು ಕರೋಲ್ ಬಾಗಿನ ಒಂದು ಹೋಟೆಲಿನ ಮಹಡಿಗೆ. ಕೆಳಗೆ ಹೋಟೆಲು, ಮೇಲಿನ ಎರಡು ಕೋಣೆಗಳಲ್ಲಿ ಅತ್ತೆ, ಗಂಡ ಮತ್ತು ನಾನು. ಮಾವ ತೀರಿಕೊಂಡ ಮೇಲೆ ಗಲ್ಲಾದಲ್ಲಿ ಗಂಡ ಕೂರುತ್ತಿದ್ದರು, ಅಡುಗೆಮನೆ ಅತ್ತೆಯ ಕೈಯಲ್ಲಿತ್ತು. ಬೋರ್ಡಿನ ಮೇಲೆ ಮಾತ್ರ ಮದ್ರಾಸ್ ಎಂಬ ಪದ ದಪ್ಪಕ್ಷರದಲ್ಲಿತ್ತು. ನಮ್ಮ ಮನೆಯಲ್ಲಿ ಯಾರೂ ಮದ್ರಾಸನ್ನು ಕಂಡವರಲ್ಲ. ಆದರೆ ಗಿರಾಕಿಗಳ ಭೂಗೋಳದಲ್ಲಿ ಆಗ್ರಾದಿಂದ ಕೆಳಗೆ ಇದ್ದದ್ದು ಅದೊಂದೇ ಊರು. ಉಡುಪಿ ಎಂದು ಬರೆಸಿದ್ದರೆ ಅದು ಯಾವುದೋ ಔಷಧಿ ಅಂಗಡಿ ಎಂದು ಮುಂದೆ ಹೋಗುತ್ತಿದ್ದರು.

ಆ ಗಿರಾಕಿಗಳು ಹೆಚ್ಚಿನವರು ಪಂಜಾಬಿಗಳು, ದೇಶ ಒಡೆದಾಗ ಉಟ್ಟ ಬಟ್ಟೆಯಲ್ಲಿ ಬಂದು ಓಲ್ಡ್ ರಾಜಿಂದರ್ ನಗರದಲ್ಲಿ ನೆಲೆಯಾದವರು. ಅವರಿಗೆ ದೋಸೆ ಒಂದು ನೆಪ. ದೋಸೆ ಬರುವ ಮೊದಲೇ ಬಟ್ಟಲು ಎತ್ತಿ ಸಾಂಬಾರನ್ನು ಸೂಪಿನ ಹಾಗೆ ಕುಡಿದು, "ಭಯ್ಯಾ, ಔರ್" ಎಂದು ಬಟ್ಟಲು ಮುಂದೆ ಚಾಚುತ್ತಿದ್ದರು. ನಮ್ಮೂರಿನ ಸಾಂಬಾರಿನ ಬೆಲ್ಲ ಅವರಿಗೆ ಹಿಡಿಸಲಿಲ್ಲ, ಬೆಲ್ಲ ಹೋಯಿತು. ತೆಂಗಿನಕಾಯಿಗೆ ಅಲ್ಲಿ ಬಂಗಾರದ ಬೆಲೆ, ಅರೆದ ಕಾಯಿ ಹೋಯಿತು. ಈರುಳ್ಳಿ ಬಂತು, ಟೊಮೇಟೊ ಬಂತು. ಒಂದು ವರ್ಷ ಒಳ್ಳೆಯ ಹುಣಸೆ ಸಿಗದೆ ಅತ್ತೆ ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ, ಪಕ್ಕದ ಮನೆಯ ಪಂಜಾಬಿ ಹೆಂಗಸು ಒಂದು ಡಬ್ಬ ಆಮ್‌ಚೂರ್ ತಂದುಕೊಟ್ಟಳು. ಒಣಗಿದ ಮಾವಿನಕಾಯಿಯ ಪುಡಿ ಅದು. ಹುಣಸೆ ಮತ್ತೆ ಸಿಕ್ಕಿತು, ಆದರೆ ಆಮ್‌ಚೂರ್ ಸಾಂಬಾರನ್ನು ಬಿಟ್ಟು ಹೋಗಲಿಲ್ಲ. ಪ್ರತಿಯಾಗಿ ಅತ್ತೆ ಡಾಲ್ಡಾ ಡಬ್ಬದಲ್ಲಿ ಬೆಳೆಸಿದ ಕರಿಬೇವಿನ ಗಿಡವೊಂದನ್ನು ಕೊಟ್ಟರು. ಆಮೇಲೆ ಆ ಮನೆಯ ರಾಜ್ಮಾಕ್ಕೂ ಕರಿಬೇವಿನ ಒಗ್ಗರಣೆ ಬೀಳತೊಡಗಿತು. ಇದಕ್ಕೆ ಯಾವ ಸಮಿತಿಯ ಒಪ್ಪಿಗೆಯನ್ನೂ ಅವರಿಬ್ಬರು ಪಡೆದಿರಲಿಲ್ಲ.

ಸಂಘದ ಊಟ ಎಂದರೆ ಅಡುಗೆ ನಮ್ಮದು. ರಾಮನವಮಿಯೋ ರಾಜ್ಯೋತ್ಸವವೋ, ಪಾತ್ರೆಪಡಗ ನಮ್ಮ ಹೋಟೆಲಿನದು, ಭಟ್ಟರು ನಮ್ಮವರು, ಒಲೆಯ ಮುಂದೆ ನಿಲ್ಲುವವರು ಅತ್ತೆ. ಮೊದಲ ಪಂಕ್ತಿಗೆ ದೊಡ್ಡ ಅಧಿಕಾರಿಗಳು ಮತ್ತು ಅವರ ಮನೆಯವರು, ಎರಡನೆಯದಕ್ಕೆ ಸೆಕ್ಷನ್ ಆಫೀಸರುಗಳು, ಮೂರನೆಯದಕ್ಕೆ ಗುಮಾಸ್ತರು. ಎಲೆಯ ಮುಂದೆ ಕೂರುವಾಗಲೂ ಹುದ್ದೆಯ ಕ್ರಮ ತಪ್ಪುತ್ತಿರಲಿಲ್ಲ. ಎಲ್ಲರ ಕೈ ತೊಳೆದಾದ ಮೇಲೆ, ಉಳಿದದ್ದನ್ನು ಉಳಿದವರು ಅಡುಗೆಮನೆಯಲ್ಲಿ ನಿಂತು ತಿನ್ನುವುದು. ಉಳಿದವರು ಎಂದರೆ ನಾವು. ಯಾರೂ ನಮ್ಮನ್ನು ಕೂರಬೇಡಿ ಎಂದವರಲ್ಲ. ಕೂರಿ ಎಂದು ಹೇಳಲು ಅವರಿಗೆ ಪಾಪ ನೆನಪಾಗುತ್ತಿರಲಿಲ್ಲ.

ಅತ್ತೆಗೆ ಇದ್ದ ಆಸೆ ಒಂದೇ. ಹಿಟ್ಟು ರುಬ್ಬುವಾಗ ನನ್ನ ಹತ್ತಿರ ಎಷ್ಟೋ ಸಲ ಹೇಳಿದ್ದರು.

"ಒಂದು ಸಲ ಮೊದಲ ಪಂಕ್ತಿಯಲ್ಲಿ ಕೂತು, ಬೇರೆಯವರು ಬಡಿಸಿದ್ದನ್ನು ಉಣ್ಣಬೇಕು ಮಾರಾಯ್ತಿ. ಸತ್ತ ಮೇಲೆ ನನಗೂ ಎಲೆ ಹಾಕ್ತಾರೆ, ಆದರೆ ಅದು ಕಾಗೆಗೆ."

ಸಮಿತಿಯ ಅಧ್ಯಕ್ಷೆ ಮೈಸೂರಿನವರು, ಬಹಳ ದೊಡ್ಡ ಅಧಿಕಾರಿಯ ಹೆಂಡತಿ. ಗಂಡನ ಜೊತೆ ಜಿನೀವಾದಲ್ಲಿ ಇದ್ದು ಬಂದಿದ್ದರಿಂದ ಮೈಸೂರಿನ ಹುಳಿಯ ಅಸಲಿ ರುಚಿ ಅವರಿಗೆ ಇನ್ನಷ್ಟು ಚೆನ್ನಾಗಿ ಗೊತ್ತಾಗಿತ್ತು. ಮೊದಲ ಸಭೆಯಲ್ಲೇ ಅವರು ಹೋಟೆಲ್ ಅಡುಗೆ ಪಂಜಾಬಿಗಳ ನಾಲಿಗೆಗೆ ಬಗ್ಗಿ ಕುಲಗೆಟ್ಟಿದೆ ಎಂದರಂತೆ. ಆದ್ದರಿಂದ ಈ ಸಲ ಹೋಟೆಲಿನವರಿಗೆ ತೊಂದರೆ ಕೊಡುವುದು ಬೇಡ, ಅಧಿಕಾರಿಗಳ ಮನೆಯ ಹೆಂಗಸರೇ ನಿಂತು ಮಾಡಿಸುವುದು, ಹೋಟೆಲಿನವರು ಅತಿಥಿಗಳಾಗಿ ಬಂದು ಅಪ್ಪಟ ರುಚಿ ಯಾವುದೆಂದು ತಿಳಿದುಕೊಳ್ಳಲಿ ಎಂದು ತೀರ್ಮಾನವಾಯಿತು. ಈ ಮಾತು ಕೇಳಿ ನನಗೆ ಮೈಯೆಲ್ಲ ಉರಿಯಿತು. ಅತ್ತೆಗೆ ಅದರಲ್ಲಿ ಕೇಳಿಸಿದ್ದು ಅತಿಥಿಗಳು ಎಂಬ ಒಂದೇ ಪದ. ಅವರು ಆಗಲೇ ಟ್ರಂಕು ತೆಗೆದು, ತಮ್ಮ ಮದುವೆಯ ರೇಷ್ಮೆ ಸೀರೆಯನ್ನು ಬಿಸಿಲಿಗೆ ಹರವಿದ್ದರು.

ಅಪ್ಪಟ ಎಂದು ಹೇಳುವುದು ಸುಲಭ, ಯಾವುದು ಅಪ್ಪಟ ಎಂದು ಕೇಳಿದರೆ ಕಷ್ಟ. ಅಧ್ಯಕ್ಷೆ ಮೈಸೂರಿನ ಹುಳಿ ಎಂದರು. ಧಾರವಾಡದ ಹೆಂಗಸರು, ನಮ್ಮ ಖಾರದ ಮಸಾಲೆ ಇಲ್ಲದ ಕರ್ನಾಟಕ ಯಾವ ಕರ್ನಾಟಕ ಎಂದು ಎದ್ದು ನಿಂತರು. ಕರಾವಳಿಯ ಅಧಿಕಾರಿಗಳ ಹೆಂಡತಿಯರು ತೆಂಗಿನೆಣ್ಣೆಯ ಒಗ್ಗರಣೆಗೆ ಪಟ್ಟು ಹಿಡಿದರು. ರಾಜ್ಯ ಒಂದಾಗಲು ಇಷ್ಟು ಗದ್ದಲ ಆಗಿರಲಾರದು. ಕೊನೆಗೆ ಸಂಘದ ಕಾರ್ಯದರ್ಶಿ, ಯಾವುದೋ ಸಚಿವಾಲಯದಲ್ಲಿ ಕಡತಗಳ ಜಗಳ ಬಿಡಿಸಿ ಅಭ್ಯಾಸವಿದ್ದವರು, ಒಂದು ದಾರಿ ಹುಡುಕಿದರು. ಒಂದೇ ಕೊಪ್ಪರಿಗೆ, ಮೂರೂ ಕಡೆಯ ಪುಡಿ, ಅಖಂಡ ಕರ್ನಾಟಕದ ಹುಳಿ. ಚಪ್ಪಾಳೆ ಬಿತ್ತು, ಕೆಲವರ ಕಣ್ಣಲ್ಲಿ ನೀರೂ ಬಂತಂತೆ. ನಾಲಿಗೆಯ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ.

ಔತಣದ ಭಾನುವಾರ ಬೆಳಿಗ್ಗೆ ಅತ್ತೆ ರೇಷ್ಮೆ ಸೀರೆ ಉಟ್ಟು, ಹೊರಡುವ ಹೊತ್ತಾಯಿತೇ ಎಂದು ಮತ್ತೆ ಮತ್ತೆ ಕೇಳುತ್ತಿದ್ದರು. ಅಷ್ಟರಲ್ಲಿ ಹೋಟೆಲಿನ ಮುಂದೆ ಸರ್ಕಾರಿ ಅಂಬಾಸಿಡರ್ ನಿಂತು, ಕಾರ್ಯದರ್ಶಿ ಇಳಿದರು. ಚಳಿಯಲ್ಲೂ ಬೆವರುತ್ತಿದ್ದರು. ಮೂರು ಪುಡಿ ಬಿದ್ದದ್ದೇನೋ ಸರಿ, ಆದರೆ ತನ್ನ ಊರಿನದು ಕಮ್ಮಿಯಾಯಿತೇನೋ ಎಂಬ ಅನುಮಾನಕ್ಕೆ ಪ್ರತಿಯೊಬ್ಬ ಹೆಂಗಸೂ ಯಾರೂ ನೋಡದಾಗ ಇನ್ನೊಂದು ಹಿಡಿ ಹಾಕಿದ್ದಳಂತೆ. ಮೆಂತ್ಯದ ಕಹಿಗೆ ಬೆಲ್ಲ ಸುರಿದರು, ಬೆಲ್ಲದ ಸಿಹಿಗೆ ಹುಣಸೆ ಹಿಂಡಿದರು, ಹುಳಿಗೆ ಉಪ್ಪು, ಉಪ್ಪಿಗೆ ನೀರು. ಈಗ ಅಖಂಡ ಕರ್ನಾಟಕವನ್ನು ಬಾಯಿಗಿಡುವಂತಿರಲಿಲ್ಲ. ಮುಖ್ಯ ಅತಿಥಿಗಳು ಹೊರಟಾಗಿದೆ, ಹೋಟೆಲಿನಲ್ಲಿ ಇರುವ ಸಾಂಬಾರನ್ನೆಲ್ಲ ಕೊಟ್ಟು ಮಾನ ಕಾಪಾಡಬೇಕು, ಸಾಂಬಾರು ಇಲ್ಲಿಂದ ಬಂತೆಂದು ಯಾರಿಗೂ ಹೇಳಬಾರದು ಎಂದು ಅವರು ಕೈ ಮುಗಿದರು. ಆಮೇಲೆ ಅತ್ತೆಯ ಸೀರೆಯನ್ನು ನೋಡದೆಯೇ ಇನ್ನೊಂದು ಮಾತು ಸೇರಿಸಿದರು.

"ನೀವೂ ಒಂಚೂರು ಬಂದು ಅಡುಗೆಮನೇಲಿ ನಿಂತ್ಕೊಂಡ್ರೆ ನಮಗೆ ಧೈರ್ಯ ಕಣಮ್ಮ. ಪ್ರತೀ ಸಲ ಇರ್ತೀರಲ್ಲ, ಹಾಗೇ."

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದನ್ನು ನಾನು ಎಷ್ಟು ಸಲ ನೋಡಿದ್ದೆನೋ. ಈಗಲೂ ಅವರ ಕೈ ಸೆರಗಿನ ಕಡೆಗೇ ಹೋಯಿತು. ಆದರೆ ಅತ್ತೆ ಸೆರಗನ್ನು ಬಿಡಿಸಿ, ಹೆಗಲ ಮೇಲೆ ಸರಿಯಾಗಿ ಹೊದ್ದುಕೊಂಡರು.

"ಸಾಂಬಾರು ಬರ್ತದೆ. ನಾನು ಉಣ್ಣಲಿಕ್ಕೆ ಬರುವುದು."

ಭಾನುವಾರದ ಗಿರಾಕಿಗಳಿಗೆಂದು ಕುದಿಸಿಟ್ಟಿದ್ದ ಕೊಪ್ಪರಿಗೆ ಸರ್ಕಾರಿ ಕಾರಿನಲ್ಲಿ ಗುಟ್ಟಾಗಿ ಪ್ರಯಾಣ ಮಾಡಿತು. ಇತ್ತ ರಾಜಿಂದರ್ ನಗರದ ಸಂಸಾರಗಳು ಬರೀ ಚಟ್ನಿ ಕಂಡು ನನ್ನ ಗಂಡನ ಮೇಲೆ ಎಗರಿಬಿದ್ದವು. ಸಾಂಬಾರ್ ಇಲ್ಲದ ಇಡ್ಲಿ ಎಂದರೆ ಮದ್ರಾಸಿಗಳಿಗೆ ಅವಮಾನ ಎಂದು ಒಬ್ಬ ಸರದಾರ್‌ಜಿ ನಮ್ಮ ಸಂಸ್ಕೃತಿಯ ಪರವಾಗಿ ವಾದಿಸಿದರಂತೆ. ಅವರನ್ನು ಸಮಿತಿಗೆ ಸೇರಿಸಿಕೊಂಡಿದ್ದರೆ ಎಷ್ಟೋ ಅನುಕೂಲವಾಗುತ್ತಿತ್ತು.

ಸಭಾಂಗಣದಲ್ಲಿ ಅತ್ತೆ ಎಲ್ಲರಿಗಿಂತ ಮೊದಲೇ ಹೋಗಿ ಮೊದಲ ಪಂಕ್ತಿಯ ತುದಿಯ ಎಲೆಗೆ ಕೂತುಬಿಟ್ಟರು, ಪಕ್ಕದಲ್ಲಿ ನಾನು. ಎದೆಗೆ ಬ್ಯಾಡ್ಜು ಚುಚ್ಚಿಕೊಂಡ ಒಬ್ಬರು ಬಂದು, ಇದು ಬೇರೆಯವರಿಗೆ ಮೀಸಲು, ನೀವು ಒಳಗಿರಬೇಕಿತ್ತಲ್ಲ ಎಂದು ನಯವಾಗಿ ವಿಚಾರಿಸಿದರು. ಅತ್ತೆ ಎಲೆಗೆ ನೀರು ಚಿಮುಕಿಸುವುದರಲ್ಲಿ ಮಗ್ನರಾಗಿದ್ದರು. ಕಾರ್ಯದರ್ಶಿ ದೂರದಿಂದ ಓಡಿ ಬಂದು, ಕೂತಿರಲಿ ಕೂತಿರಲಿ ಎಂದು ಬ್ಯಾಡ್ಜಿನವರನ್ನು ಎಳೆದುಕೊಂಡು ಹೋದರು. ಕೃತಜ್ಞತೆ ಅಲ್ಲ, ಭಯ.

ಅಧ್ಯಕ್ಷೆ ಹುಳಿಯ ಬಕೆಟ್ಟನ್ನು ತಾವೇ ಹಿಡಿದು ಬಡಿಸುತ್ತ ಬಂದರು. ಒಳಗೆ ನಡೆದದ್ದೆಲ್ಲ ಅವರಿಗೆ ಗೊತ್ತಿತ್ತು. ಆದರೆ ನಾಲ್ಕು ಜನ ಹೊಗಳಿದ ಮೇಲೆ ಅವರು ಅದನ್ನು ಮರೆತೇಬಿಟ್ಟಿದ್ದರೆಂದು ಕಾಣುತ್ತದೆ. ಅಧಿಕಾರದಲ್ಲಿರುವವರಿಗೆ ಈ ಶಕ್ತಿ ಇರುತ್ತದೆ. ಪಂಕ್ತಿಯುದ್ದಕ್ಕೂ ಜನ ಸುರ್ ಸುರ್ ಎಂದು ಹೀರುತ್ತ, ಊರಿನ ನೆನಪಾಯಿತು, ಅಮ್ಮನ ಕೈ ನೆನಪಾಯಿತು ಎನ್ನುತ್ತಿದ್ದರು. ಅತ್ತೆಯ ಎಲೆಯ ಮುಂದೆ ಬಗ್ಗಿ ಅಧ್ಯಕ್ಷೆ ಸೌಟು ಎತ್ತಿದರು.

"ಈ ಹುಳಿ ನೋಡಿ, ಇದು ನಮ್ಮ ಹುಣಸೇಹಣ್ಣಿಗೆ ಮಾತ್ರ ಬರೋದು. ನಿಮ್ಮ ಹೋಟೆಲಲ್ಲಿ ಇದೆಲ್ಲಿ ಸಿಗುತ್ತೆ?"

ಪಂಜಾಬಿ ಹೆಂಗಸಿನ ಆಮ್‌ಚೂರ್ ಅತ್ತೆಯ ಅನ್ನದ ಮೇಲೆ ಹರಿಯಿತು. ನಾನು ಬಾಯಿ ತೆರೆದೆ. ಅತ್ತೆ ಎಡಗೈಯಿಂದ ನನ್ನ ಮೊಣಕಾಲು ಗಟ್ಟಿಯಾಗಿ ಒತ್ತಿ ಹಿಡಿದರು. ಬಲಗೈಯಲ್ಲಿ ಕಲಸಿ ಒಂದು ತುತ್ತು ಬಾಯಿಗಿಟ್ಟು, ಕಣ್ಣು ಮುಚ್ಚಿ, ನಿಧಾನವಾಗಿ ಅಗಿದರು. ಚೆನ್ನಾಗಿದೆ, ಇನ್ನೊಂದು ಸೌಟು ಹಾಕಿ ಎಂದರು. ಅಧ್ಯಕ್ಷೆ ಹಾಕಿದರು. ಆಮೇಲೆ ಅತ್ತೆ ಮತ್ತೊಂದು ಸೌಟು ಕೇಳಿದರು, ಅದನ್ನೂ ಹಾಕಿದರು. ನನಗೆ ಸಿಟ್ಟಿನಿಂದ ಅನ್ನ ಇಳಿಯಲಿಲ್ಲ.

ಮನೆಗೆ ಬರುವಾಗ ಆಟೋದಲ್ಲಿ ನಾನು ಸುಮ್ಮನಿರಲಿಲ್ಲ. ಅಷ್ಟು ಜನರ ಮುಂದೆ ಒಂದು ಮಾತು ಹೇಳಿದ್ದರೆ ಅವರ ಅಪ್ಪಟತನವೆಲ್ಲ ನೀರಿಳಿದು ಹೋಗುತ್ತಿತ್ತು, ಯಾಕೆ ಬಾಯಿ ಮುಚ್ಚಿಸಿದಿರಿ ಎಂದು ಜಗಳಕ್ಕೇ ನಿಂತೆ. ಅತ್ತೆ ಬೆರಳು ಮೂಸಿ ನೋಡಿಕೊಳ್ಳುತ್ತಿದ್ದರು, ಕೈ ತೊಳೆದರೂ ವಾಸನೆ ಹೋಗಿರಲಿಲ್ಲ.

"ನಮ್ಮ ಸಾಂಬಾರು ಇಷ್ಟು ರುಚಿ ಅಂತ ನನಗೆ ಗೊತ್ತೇ ಇರಲಿಲ್ಲ ಮಾರಾಯ್ತಿ," ಎಂದರು. "ಇಷ್ಟು ವರ್ಷ ನಿಂತುಕೊಂಡು ಅಂಗೈಗೆ ಹಾಕಿ ಉಪ್ಪು ನೋಡಿದ್ದೇ ಬಂತು. ಕೂತು ಉಂಡದ್ದು ಇವತ್ತೇ."