ಹದಿನೇಳನೆಯ ಮುದ್ದೆ

ಹೋದ ವಾರ ಮಾಲೂರಿನಲ್ಲಿ ಜನಗಣತಿಯ ತರಬೇತಿ ಇತ್ತು. ಮನೆ ಗೋಡೆಗೆ ನಂಬರು ಬರೆಯುವ ಮಾರ್ಕರ್ ಪೆನ್ನನ್ನು ಕೈಗಿಟ್ಟರು. ಮುಚ್ಚಳ ತೆಗೆದೆ ನೋಡಿ, ಆ ಘಾಟು ಮೂಗಿಗೆ ಬಡಿದದ್ದೇ ತಡ, ಹಿಂದಿನ ಗಣತಿ ನೆನಪಾಗಿ ಒಬ್ಬಳೇ ಕಿಸಕ್ಕನೆ ನಕ್ಕುಬಿಟ್ಟೆ. ಪಕ್ಕದ ಮೇಡಂ ಅನುಮಾನದಿಂದ ಅತ್ತ ಸರಿದು ಕೂತರು. ಅವರಿಗೆ ವಿವರಿಸಲಾಗಲಿಲ್ಲ, ನಿಮಗೆ ಹೇಳುತ್ತೇನೆ.

ಹಿಂದಿನ ಜನಗಣತಿಯ ಹೊತ್ತಿಗೆ ನಾನು ಟೀಚರ್ ಕೆಲಸಕ್ಕೆ ಸೇರಿ ವರ್ಷವೂ ಆಗಿರಲಿಲ್ಲ. ಹುಟ್ಟಿದ ಊರು ಶ್ರೀನಿವಾಸಪುರ, ಶಾಲೆ ಆವನಿ ಹತ್ತಿರದ ಒಂದು ಸಣ್ಣ ಹಳ್ಳಿಯಲ್ಲಿ. ಮುನಿಯಮ್ಮಜ್ಜಿಯ ಮನೆಗೆ ಅಂಟಿಕೊಂಡ ಕೋಣೆಯಲ್ಲಿ ಬಾಡಿಗೆಗಿದ್ದೆ. ಎಣಿಸಲು ಅದೇ ಹಳ್ಳಿಯನ್ನು ಕೊಟ್ಟರು. ಇಷ್ಟು ದೊಡ್ಡ ದೇಶದ ಜನಸಂಖ್ಯೆಯೆಲ್ಲ ನನ್ನ ಹೆಗಲ ಚೀಲದಲ್ಲೇ ಇದೆ ಎಂಬ ಗತ್ತಿನಲ್ಲಿ ಓಡಾಡುತ್ತಿದ್ದೆ. ನಾನು ಒಬ್ಬರನ್ನು ಬಿಟ್ಟರೂ ದಿಲ್ಲಿಯಲ್ಲಿ ಯಾರೋ ಎದ್ದು ನಿಂತು "ಯಾರದು?" ಎನ್ನುತ್ತಾರೆಂದು ನಿಜವಾಗಿ ನಂಬಿದ್ದೆ.

ಇಡೀ ಊರು ಮುಗಿಸಿ ಕೊನೆಗೆ ಅಜ್ಜಿಯ ಮನೆಗೆ ಬಂದೆ. ನಮ್ಮ ಮನೆಯೇ ಅಲ್ಲವೇ, ಹತ್ತು ನಿಮಿಷದ ಕೆಲಸ ಅಂದುಕೊಂಡಿದ್ದೆ. ಮಗ ನಾರಾಯಣಪ್ಪನನ್ನು ಮನೆ ಯಜಮಾನ ಯಾರೆಂದು ಕೇಳಿದರೆ ಆತ ತಾಯಿಯ ಕಡೆ ಬೆರಳು ತೋರಿಸಿದ.

"ಒಟ್ಟು ಎಷ್ಟು ಜನ ಅಜ್ಜಿ?"

"ಜನಾನ ಎಣಿಸ್ಬಾರ್ದು ಕಣಮ್ಮಾ, ದಿಷ್ಟಿ ಆಗ್ತದೆ. ರೇಷ್ಮೆ ಹುಳ ಸಾಕೋರು ನಾವು. ತಟ್ಟೇಲಿರೋ ಹುಳ ಎಣಿಸ್ತೀವಾ? ಸೊಪ್ಪು ಸಾಲ್ಲಿಲ್ಲ ಅಂದ್ರೆ ಜಾಸ್ತಿ ಅವೆ ಅಂತ ತಿಳ್ಕೊಳ್ಳೋದಪ್ಪ."

ಗೋಗರೆದ ಮೇಲೆ ಒಂದು ಒಪ್ಪಂದವಾಯಿತು. ಅಜ್ಜಿ ಹೆಸರು, ವಯಸ್ಸು ಹೇಳುವುದು, ನಾನು ಬರೆದುಕೊಳ್ಳುವುದು, ಲೆಕ್ಕವನ್ನು ಮಾತ್ರ ಬಾಯಿಬಿಟ್ಟು ಹೇಳಕೂಡದು. ಹದಿನಾರು ಹೆಸರಾದವು. ಆದರೂ ನನಗೆ ಸಮಾಧಾನವಿಲ್ಲ. ಅಡುಗೆಮನೆಗೆ ನುಗ್ಗಿ ಹಿರಿಸೊಸೆ ಲಕ್ಷ್ಮಕ್ಕನನ್ನು, "ರಾತ್ರಿಗೆ ಎಷ್ಟು ಮುದ್ದೆ ಕಟ್ಟುತ್ತೀರಿ?" ಎಂದು ಕೇಳಿದೆ.

"ಹದಿನೇಳು ಮಿಸ್. ಪಾಪಂಗೂ ಗೋಲಿಯಷ್ಟು ಒಂದು ಸೇರಿ."

ಹೆಸರು ಹದಿನಾರು, ಮುದ್ದೆ ಹದಿನೇಳು! ಈ ಮನೆಯವರು ಯಾರನ್ನೋ ಬಚ್ಚಿಟ್ಟಿದ್ದಾರೆ. ಎರಡು ದಿನ ನಾನು ಮೇಷ್ಟ್ರಮ್ಮನ ಕೆಲಸ ಬಿಟ್ಟು ಪೊಲೀಸರ ಕೆಲಸ ಮಾಡಿದೆ. ಹುಳದ ಮನೆಗೆ ಇಣುಕಿದೆ, ಹಿಪ್ಪುನೇರಳೆ ತೋಟ ಸುತ್ತಿದೆ. ಮೂರನೆಯ ದಿನ ಬೆಳಿಗ್ಗೆ ರಾಗಿಹುಲ್ಲಿನ ಬಣವೆಯ ಹಿಂದೆ ಬಗ್ಗಿ ನೋಡುತ್ತಿದ್ದಾಗ ಬೆನ್ನ ಹಿಂದಿನಿಂದ ತೆಲುಗು ಬೆರೆತ ಅಜ್ಜಿಯ ದನಿ ಬಂತು.

"ಏಮೇ ಅಮ್ಮಾಯಿ, ಕೋಳಿ ಮೊಟ್ಟೆ ಹುಡುಕ್ತಿದೀಯಾ?"

ಬೇರೆ ದಾರಿಯಿಲ್ಲದೆ ಎಲ್ಲವನ್ನೂ ಒಪ್ಪಿಕೊಂಡೆ. ಅಜ್ಜಿ ಹುಲ್ಲಿನ ಮೇಲೆ ಕುಸಿದು ಕೂತು, ಕಣ್ಣಲ್ಲಿ ನೀರು ಬರುವಂತೆ ನಕ್ಕಳು.

"ಲೇ ಲಕ್ಷ್ಮಕ್ಕಾ, ಬಾರೇ ಇಲ್ಲಿ! ದಿನಾ ತಟ್ಟೆ ಹಿಡ್ಕೊಂಡು ಬಂದು ನುಂಗೋಳು ಇವಳೇ, ಹದಿನೇಳನೇ ಮುದ್ದೆ ಯಾರ್ದು ಅಂತ ಕೇಳೋಳೂ ಇವಳೇ!"

ಮನೆಯವರೆಲ್ಲ ಓಡಿಬಂದು ನಕ್ಕರು. ಲಕ್ಷ್ಮಕ್ಕ ಮಾತ್ರ ಸೆರಗಿನಲ್ಲಿ ಬಾಯಿ ಒರೆಸಿಕೊಂಡು, "ಅಲ್ಲ ಮಿಸ್, ನಿಮ್ಮನ್ನ ಬರ್ಕೊಂಡ್ರಾ?" ಎಂದಳು.

ನನ್ನ ನಗು ಅಲ್ಲೇ ನಿಂತಿತು. ಬರೆದುಕೊಂಡಿರಲಿಲ್ಲ. ಅಲ್ಲಾದರೂ ಬರೆಸಿರಬಹುದೆಂದು ಊರಿಗೆ ಫೋನು ಮಾಡಿದೆ. "ನೀನು ಅಲ್ಲಿದ್ದೀಯಲ್ಲ, ಅಲ್ಲೇ ಬರ್ಕೋತಾರೆ ಅಂದೆ ಕಣೇ," ಎಂದಳು ಅಮ್ಮ. ಅಂದರೆ ದೇಶವನ್ನು ಎಣಿಸಲು ಹೊರಟವಳು ದೇಶದಲ್ಲೇ ಇರಲಿಲ್ಲ! ಲಕ್ಷ್ಮಕ್ಕ ಕೇಳದಿದ್ದರೆ ಅಂದು ಮಧ್ಯಾಹ್ನ ಕಾಗದ ಒಪ್ಪಿಸಿ, ಕೈ ಝಾಡಿಸಿಕೊಂಡು ಬಂದುಬಿಡುತ್ತಿದ್ದೆ.

ಕಾಗದ ನೋಡಲು ಬಂದ ಮೇಲ್ವಿಚಾರಕರು ನಗದ ಮನುಷ್ಯ. ಒಂದೇ ಅಡುಗೆಮನೆಯಲ್ಲಿ ಉಣ್ಣುವವರು ಒಂದು ಕುಟುಂಬ, ಅದು ನಿಯಮ. ಹಾಗಾಗಿ ವಿಚಾರಣೆ ಶುರುವಾಯಿತು.

"ಬೆಳಗಿನ ತಿಂಡಿ ಎಲ್ಲಿ?"

"ಕೋಣೆಯಲ್ಲಿ ಅವಲಕ್ಕಿ, ಸಾರ್."

"ಮಧ್ಯಾಹ್ನ?"

"ಶಾಲೆಯ ಬಿಸಿಯೂಟ."

"ರಾತ್ರಿ?"

"ನಮ್ಮನೇಲಿ!" ಎಂದಳು ಅಜ್ಜಿ.

ಅವರು ತಲೆಯ ಮೇಲೆ ಕೈಹೊತ್ತು ಕೂತು, ಕೊನೆಗೆ "ಇಲ್ಲೇ ಸೇರಿಸಿ" ಎಂದರು. ಯಜಮಾನರಿಗೆ ಏನಾಗಬೇಕು ಎಂಬ ಕಾಲಮ್ಮು ಬಂತು. "ಮಗಳು ಅಂತ ಬರಿ," ಎಂದಳು ಅಜ್ಜಿ. ಹಾಗೆ ಬರೆಯುವಂತಿಲ್ಲ. 'ಸಂಬಂಧವಿಲ್ಲದವರು' ಎಂದು ಬರೆದೆ. ಏನು ಬರೆದೆ ಎಂದು ಅಜ್ಜಿ ಕೇಳಿದಾಗ ಸುಳ್ಳು ಹೇಳಲಾಗದೆ ಇದ್ದದ್ದನ್ನೇ ಓದಿ ಹೇಳಿದೆ.

ಅಜ್ಜಿ ಸೊಂಟದ ಮೇಲೆ ಕೈಯಿಟ್ಟಳು. "ಹಂಗಾ? ಸಂಬಂಧ ಇಲ್ದೋಳ್ಗೆ ದಿನಾ ಇವ್ರೇ ಮುದ್ದೆ ಹಾಕ್ತಾರೆ ಅಂತಾನೂ ಬರಿ. ದಿಲ್ಲಿಯೋರ್ಗೂ ಗೊತ್ತಾಗ್ಲಿ!" ನಗದ ಮನುಷ್ಯ ಅಂದು ನಕ್ಕರು. ರಾತ್ರಿ ನನ್ನ ತಟ್ಟೆಗೆ ಬಿದ್ದ ಮುದ್ದೆ ನಾರಾಯಣಪ್ಪನದಕ್ಕಿಂತ ದೊಡ್ಡದಿತ್ತು.

ಈ ಸಲ ನನಗೆ ಬಂದಿರುವುದು ಮಾಲೂರಿನ ಅಂಚಿನಲ್ಲಿ, ಕಾರ್ಖಾನೆ ಕೆಲಸದವರ ಬಾಡಿಗೆ ಕೋಣೆಗಳ ಉದ್ದನೆಯ ಸಾಲು. ಇವತ್ತು ಬೆಳಿಗ್ಗೆ ಮೊದಲ ಬಾಗಿಲು ತೆರೆದವಳು ಒಡಿಶಾದ ಹುಡುಗಿ. ಅವಳಿಗೆ ಕನ್ನಡ ಬಾರದು, ನನ್ನ ಹಿಂದಿ ದೇವರಿಗೇ ಪ್ರೀತಿ. ಎಷ್ಟು ಜನ ಎಂದು ಕೈಸನ್ನೆ ಮಾಡಿದೆ. ಮೂರು ಬೆರಳು ತೋರಿಸಿದಳು. ಆಮೇಲೆ ಏನೋ ಯೋಚಿಸಿ, ಇನ್ನೊಂದು ಕೈಯನ್ನು ತುಂಬಿದ ಹೊಟ್ಟೆಯ ಮೇಲಿಟ್ಟುಕೊಂಡು, ನಾಲ್ಕನೆಯ ಬೆರಳನ್ನು ಅರ್ಧ ಎತ್ತಿದಳು.

ಮೂರೂವರೆ! ಇಬ್ಬರೂ ಬಾಗಿಲು ಹಿಡಿದುಕೊಂಡು ನಕ್ಕೆವು. ಈ ಸಲ ಬರೆಯುವುದೆಲ್ಲ ಫೋನಿನಲ್ಲೇ, ಅದರಲ್ಲಿ ಅರ್ಧಕ್ಕೆ ಜಾಗವಿಲ್ಲ. ಮೂರು ಎಂದು ಒತ್ತಿದೆ. ಅವಳು ಒಳಗೆ ಚಾಪೆ ಹಾಸಿ ಕರೆದಳು. ಇನ್ನೂ ಇಡೀ ಸಾಲು ಬಾಕಿಯಿತ್ತು. ಚಪ್ಪಲಿ ಬಿಟ್ಟು ಒಳಗೆ ಹೋಗಿ ಕೂತೆ.