ಆಂಟಿಯ ಗೋಡೆಯ ಮೇಲೆ ಹನ್ನೊಂದು

ನನ್ನ ಹೀರೋ ಒಬ್ಬ ರಷ್ಯನ್ ನಾವಿಕ. ಶತಮಾನಗಳ ಹಿಂದೆ ಸೈಬೀರಿಯಾದ ಉತ್ತರ ಕರಾವಳಿಯ ನಕ್ಷೆ ಬರೆಯಲು ಹೊರಟವನು. ಕ್ಯಾಪ್ಟನ್ ದಾರಿಯಲ್ಲೇ ತೀರಿಕೊಂಡಾಗ ಇವನೇ ಹಡಗನ್ನು ಮಂಜುಗಡ್ಡೆಯ ನಡುವಿನಿಂದ ವಾಪಸ್ ತಂದ. ಆಮೇಲೆ ಹಡಗು ಹೋಗದ ಕಡೆ ನಾಯಿ ಎಳೆಯುವ ಗಾಡಿಯಲ್ಲಿ ಹೋಗಿ, ದಿಕ್ಕು ನೋಡಿ, ದೂರ ಅಳೆದು, ಏಷ್ಯಾದ ನೆಲ ಮುಗಿಯುವ ತುದಿ ಮುಟ್ಟಿದ. ಅಲ್ಲಿ ಗುರುತಿಗೊಂದು ಮರದ ದಿಮ್ಮಿ ನೆಟ್ಟು, ಡೈರಿಯಲ್ಲಿ ಒಂದೆರಡು ಸಾಲು ಗೀಚಿ, ಹೊರಟೇಬಿಟ್ಟ. ನಾನಾಗಿದ್ದರೆ ಕನಿಷ್ಠ ಇಪ್ಪತ್ತು ಸೆಲ್ಫಿ!

ಫೋನಿನಲ್ಲಿ ವಿಡಿಯೋ ನೋಡಿ ನಕ್ಷೆ ಬರೆಯುವುದನ್ನು ನಾನೂ ಕಲಿತೆ. ಸೈಬೀರಿಯಾ ದೂರ, ಮಲ್ಲತ್ತಹಳ್ಳಿ ಕೆರೆ ಹತ್ತಿರ. ಒಂದು ಭಾನುವಾರ ಬೆಳಿಗ್ಗೆ ದಿಕ್ಸೂಚಿ, ನೋಟ್‌ಬುಕ್ಕು, ಕೆಂಪು ಪೇಂಟಿನ ಡಬ್ಬಿ ಹಿಡಿದು ಹೊರಟೆ. ನೂರು ಹೆಜ್ಜೆಗೊಂದು ಗುರುತು. ದಿಮ್ಮಿ ನೆಡುವಂತಿಲ್ಲವಲ್ಲ, ನಂಬರ್ ಬರೆದೆ. ಹತ್ತರವರೆಗೆ ಕಲ್ಲು ಸಿಕ್ಕವು. ಹನ್ನೊಂದು ಒಂದು ಮನೆಯ ಕಾಂಪೌಂಡಿಗೆ ಬಿತ್ತು.

ಬೆಂಗಳೂರಿನಲ್ಲಿ ಕೆರೆ ಪಕ್ಕದ ಮನೆಯ ಮೇಲೆ ಕೆಂಪು ನಂಬರ್ ಕಂಡರೆ ಜನ ಒತ್ತುವರಿ, ಬುಲ್ಡೋಜರ್ ಎಂದೇ ಓದಿಕೊಳ್ಳುತ್ತಾರೆ. ಇದು ನನ್ನ ತಲೆಗೆ ಹೊಳೆಯುವ ಮೊದಲೇ ಗೇಟು ಕಿರ್ರೆಂದಿತು.

"ಸಾರ್! ಸಾರ್, ಒಂದ್ನಿಮಿಷ! ಏನ್ ಸಾರ್ ಇದು?" ಕೈಯಲ್ಲಿ ರಂಗೋಲಿ ಬಟ್ಟಲು ಹಿಡಿದ ಆಂಟಿಯೊಬ್ಬರು ಓಡಿಬಂದರು.

ಜೀವನದಲ್ಲಿ ಮೊದಲ ಸಲ ಸಾರ್ ಅನ್ನಿಸಿಕೊಂಡಿದ್ದೆ. ಎದೆ ಉಬ್ಬಿಸಿ "ಸರ್ವೇ, ಆಂಟಿ" ಎಂದೆ.

ರಂಗೋಲಿ ಅರ್ಧ ನೆಲಕ್ಕೆ ಸುರಿಯಿತು. "ಕಾಂಪೌಂಡ್ ಮಾತ್ರಾನಾ ಸಾರ್, ಇಲ್ಲಾ ಮೆಟ್ಲೂ ಹೋಗತ್ತಾ? ಪೇಪರೆಲ್ಲಾ ಸರಿಯಾಗಿದೆ. ಇಪ್ಪತ್ತು ವರ್ಷ ಬ್ಲೌಸ್ ಹೊಲ್ದು ಕಟ್ಟಿರೋ ಮನೆ ಸಾರ್ ಇದು."

ಅವರ ಕಣ್ಣು ತುಂಬಿತ್ತು. ನನ್ನ ಎದೆ ಇಳಿಯಿತು.

"ಅಯ್ಯೋ ಆಂಟಿ, ನಾನು ಗೌರ್ಮೆಂಟ್ ಅಲ್ಲ. ರಷ್ಯಾದಲ್ಲಿ ಒಬ್ಬ ನಾವಿಕ ಇದ್ದ..."

"ರಷ್ಯಾದವ್ರೂ ಬಂದ್ಬಿಟ್ರಾ ಕೆರೆಗೆ?"

ನಾಯಿ ಗಾಡಿ, ಮಂಜುಗಡ್ಡೆ, ದಿಮ್ಮಿ ಎಲ್ಲ ಹೇಳಿದೆ. ಆಂಟಿ ಕೇಳಿಸಿಕೊಂಡು, ಸೆರಗಿನಲ್ಲಿ ಕಣ್ಣೊರೆಸಿ, ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ನಿನ್ನ ನಾನು ಸಾರ್ ಅಂದ್ನಲ್ಲೋ! ಯಾವ ಏರಿಯಾ?"

"ರಾಜಾಜಿನಗರ."

"ಅಲ್ಲಿ ಗೋಡೆ ಇರ್ಲಿಲ್ವಾ?"

ಹಾರ್ಡ್‌ವೇರ್ ಅಂಗಡಿ ತೆರೆಯುವವರೆಗೆ ಕಾದು ಥಿನ್ನರ್ ತಂದು ಉಜ್ಜಿದೆ. ಹನ್ನೊಂದು ಹೋಗಲಿಲ್ಲ, ಗುಲಾಬಿ ಬಣ್ಣಕ್ಕೆ ತಿರುಗಿ ಇನ್ನೂ ದಪ್ಪವಾಯಿತು.

"ನಾಳೆ ನಿಜವಾದ ಸರ್ವೇಯವ್ರು ಬಂದು, ಓ, ಇಲ್ಲಿ ಆಗ್ಲೇ ಮಾರ್ಕ್ ಆಗಿದೆ ಅಂದ್ರೆ? ನಿನ್ ನಾವಿಕ ಬಂದು ಹೇಳ್ತಾನಾ?"

ಅವನು ಬರುವಂತಿರಲಿಲ್ಲ. ಅವನು ಗುರುತು ನೆಟ್ಟ ಕಡೆ ಗೇಟು ತೆರೆದು ಬರುವವರು ಒಬ್ಬರೂ ಇರಲಿಲ್ಲ, ಪುಣ್ಯವಂತ. ನಾನು ಸುಣ್ಣ ತಂದು ಬಳಿದೆ. ಬಳಿದ ಜಾಗ ಎದ್ದು ಕಾಣುತ್ತದೆ ಎಂದು ಆಂಟಿ ಇಡೀ ಗೋಡೆಗೆ ಬಳಿಸಿದರು. ಮುಗಿದಾಗ ಮಧ್ಯಾಹ್ನ. ಒಂದು ತಟ್ಟೆ ಉಪ್ಪಿಟ್ಟು ಕೊಟ್ಟು ಎದುರಿಗೇ ಕುಳಿತರು.

"ಆ ಬುಕ್ ತೋರ್ಸು. ನಮ್ಮನೆ ಎಲ್ಲಿದೆ?"

ಹೆಮ್ಮೆಯಿಂದ ಹನ್ನೊಂದನೇ ಚುಕ್ಕೆ ತೋರಿಸಿದೆ.

"ಅದನ್ನೂ ಅಳ್ಸು."

"ಆಂಟಿ, ನಕ್ಷೆ ತಪ್ಪಾಗತ್ತೆ..."

"ಆಗ್ಲಿ ಬಿಡು. ಮನೆ ನಿಂತಿರತ್ತೆ."

ಅಳಿಸಿದೆ. ರಬ್ಬರಿನ ಪುಡಿಯನ್ನು ಆಂಟಿಯೇ ಊದಿ, ಕಾಗದವನ್ನು ಬಿಸಿಲಿಗೆ ಹಿಡಿದು ಏನೂ ಕಾಣುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು, ಇನ್ನೊಂದು ಸೌಟು ಉಪ್ಪಿಟ್ಟು ಬಡಿಸಿದರು.